ಆಯ ತಪ್ಪಿದ್ದು ಯಾರದ್ದು?

ಮಾನ್ಯ ಸಂಪಾದಕರೇ,

ಕಳೆದ ವಾರ ಪತ್ರಿಕೆಯ ಜಿಲ್ಲಾ ಪುಟದ ಕೆಳಮೂಲೆಯಲ್ಲಿ ಐದು ಸಾಲಿನ ಸುದ್ದಿಯೊಂದು ಬಂದಿತ್ತು. ಮನೆಯ ಮಾಡು (ಛಾವಣಿ) ರಿಪೇರಿ ಮಾಡುತ್ತಿದ್ದ ಕೂಲಿಕಾರ ಆಯತಪ್ಪಿ ಬಿದ್ದು ಮೃತಪಟ್ಟ, ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ. ಇಷ್ಟೇ. ಬರೆದ ವರದಿಗಾರರ ಮೇಲೆ ನನಗೆ ದೂರಿಲ್ಲ, ಆ ‘ಆಯತಪ್ಪಿ’ ಅನ್ನುವ ಶಬ್ದದ ಮೇಲೆ ಇದೆ. ನಾನು ಪೇಪರ್ ಓದಲು ಕಲಿತಾಗಿನಿಂದ ಮಾಡಿನ ಮೇಲಿಂದ ಬಿದ್ದವರೆಲ್ಲ ಆಯತಪ್ಪಿಯೇ ಬಿದ್ದಿದ್ದಾರೆ. ಕೊಳೆತು ಲಡ್ಡಾದ ರೀಪು (ಹಂಚು ಹೊರುವ ಮರದ ಪಟ್ಟಿ) ಮುರಿದು ಬಿದ್ದವರಿಲ್ಲ, ಕಟ್ಟದೇ ಇಟ್ಟ ಏಣಿ ಜಾರಿ ಬಿದ್ದವರಿಲ್ಲ, ‘ಸ್ವಲ್ಪ ಬೇಗ ಮುಗಿಸು ಮಾರಾಯ’ ಅನ್ನಿಸಿಕೊಂಡು ಬಿದ್ದವರಂತೂ ಇಲ್ಲವೇ ಇಲ್ಲ. ತಪ್ಪೆಲ್ಲ ಬಿದ್ದವನ ಕಾಲಿನದ್ದು.

ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಆಯ ಅಂದರೆ ಬೇರೆ. ಹೊಸ ಮನೆಗೆ ಪಾಯ ಹಾಕುವ ಮುಂಚೆ ಉದ್ದ ಅಗಲ ಗುಣಿಸಿ ಭಾಗಿಸಿ, ಎಂಟು ಆಯದಲ್ಲಿ ಯಾವುದು ಬರುತ್ತದೆ ಅಂತ ನೋಡುತ್ತಾರೆ. ಧ್ವಜಾಯ ಬಂದರೆ ಸಂತೋಷ, ಸಿಂಹ, ವೃಷಭ, ಗಜವೂ ಆದೀತು. ಕಾಕವೋ ಶ್ವಾನವೋ ಬಂದರೆ ಯಜಮಾನರ ಮುಖ ಸಣ್ಣದಾಗುತ್ತದೆ. ಮೂರು ಇಂಚು ಹೆಚ್ಚುಕಮ್ಮಿ ಆಯಿತೆಂದು, ಎದ್ದು ನಿಂತ ಚಿರೆಕಲ್ಲಿನ ಗೋಡೆಯನ್ನು ನನ್ನ ಕೈಯಿಂದಲೇ ಕೆಡವಿಸಿದವರಿದ್ದಾರೆ. ಅದೇ ಮನೆಗೆ ಇಪ್ಪತ್ತು ವರ್ಷ ಬಿಟ್ಟು ಹಂಚು ತಿರುಗಿಸಲು ಹೋಗಿದ್ದೇನೆ. ಏಣಿ ಊರಲು ಗಟ್ಟಿ ನೆಲ ಇದೆಯಾ ಮೇಸ್ತ್ರಿ ಅಂತ ಒಬ್ಬರೂ ಕೇಳಿದ್ದಿಲ್ಲ. ಅವರ ಮಾತು ಬಿಡಿ, ನಾನೇ ಕೇಳಿಕೊಂಡಿದ್ದಿಲ್ಲ.

ನಾನು ಕುಮಟಾ ತಾಲ್ಲೂಕಿನವನು. ಮೇಸ್ತ್ರಿ ಕೆಲಸಕ್ಕೆ ಇಳಿದು 38 ವರ್ಷ, ಅದರಲ್ಲಿ 11 ವರ್ಷ ಶಾರ್ಜಾದಲ್ಲಿ. ಹೊಸ ಮನೆ ಕಟ್ಟಿದ್ದು ಬೆರಳೆಣಿಕೆಯಷ್ಟು, ಕಟ್ಟಿದ ಮನೆಯನ್ನು ಉಳಿಸಿಕೊಟ್ಟದ್ದೇ ಹೆಚ್ಚು. ಹಂಚು ತಿರುಗಿಸುವುದು, ಸೋರುವ ಟೆರೇಸಿನ ಮೇಲೆ ತಗಡಿನ ಮಾಡು ಎಬ್ಬಿಸುವುದು, ಬಚ್ಚಲ ಗೋಡೆ ಒಡೆದು ಪೈಪ್ ಬದಲಿಸುವುದು, ವಾಲಿದ ಪಾಗಾರ (ಕಾಂಪೌಂಡ್ ಗೋಡೆ) ನಿಲ್ಲಿಸುವುದು, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂತೆಂದರೆ ದೇವಿಮನೆ ಘಟ್ಟ ಹತ್ತಿ ಹೋಗಿ ಪೇಟೆಯ ಮನೆಗಳಿಗೆ ಬಣ್ಣ ಬಳಿದು ಬರುವುದು. ಇವೆಲ್ಲ ‘ಸಣ್ಣ ಕೆಲಸ’. ಒಂದು ದಿನದ್ದು, ಅರ್ಧ ದಿನದ್ದು, ಕೆಲವು ಹತ್ತು ನಿಮಿಷದ್ದು. ಈ ಪತ್ರ ಐದು ನಿಮಿಷದ ಕೆಲಸವೊಂದರ ಬಗ್ಗೆ.

ನನ್ನ ಅಕ್ಕನ ಮಗ ನನ್ನ ಜೊತೆಗೇ ಕೆಲಸ ಕಲಿತವನು. 2023ರ ಮೇ ತಿಂಗಳಲ್ಲಿ ಅವನಿಗೆ 34 ವರ್ಷ. ಮೇ ಅಂದರೆ ನಮ್ಮ ಕರಾವಳಿಯಲ್ಲಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಯುಗಾದಿಯಿಂದ ಸುಮ್ಮನಿದ್ದ ಯಜಮಾನರೆಲ್ಲ ರೋಹಿಣಿ ಮಳೆ ಬಾಗಿಲಿಗೆ ಬಂದಾಗ ಒಟ್ಟಿಗೇ ಫೋನ್ ಮಾಡುತ್ತಾರೆ. ಆ ದಿನ ಒಂದು ಮನೆಯ ಹಂಚು ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಸಾಮಾನು ಕಟ್ಟುತ್ತಿದ್ದೆವು. ಪರಿಚಯದ ಇನ್ನೊಂದು ಮನೆಯಿಂದ ನನಗೆ ಫೋನ್ ಬಂತು. ಕೊಟ್ಟಿಗೆಯ ಮಾಡಿನಲ್ಲಿ ಒಂದು ಬೋಲ್ಟಿನ ಹತ್ತಿರ ಹೋದ ವರ್ಷ ಸೋರಿತ್ತಂತೆ. “ಹುಡುಗನ್ನ ಕಳಿಸು ಮೇಸ್ತ್ರಿ, ವಾಷರ್ ಹಾಕಿ ಬೋಲ್ಟ್ ತಿರುಪಿದ್ರೆ ಆಯ್ತು, ಐದೇ ನಿಮಿಷ.” ನಾನು ಅವನಿಗೆ ಹೇಳಿದೆ: “ಹೋಗ್ತಾ ದಾರಿ ಮೇಲೇ ಅಲ್ವಾ, ಮುಗ್ಸಿ ಹೋಗು.” ಅವನು ಸ್ಪ್ಯಾನರ್, ನಾಲ್ಕು ವಾಷರ್, ಒಂದು ಡಬ್ಬಿ ಡಾಂಬರು ಹಿಡಿದುಕೊಂಡು ಬೈಕು ಹತ್ತಿದ.

ಕೊಟ್ಟಿಗೆಯ ಮಾಡು ಸಿಮೆಂಟ್ ಶೀಟಿನದ್ದು. ಒಳಗೆ ಬೆಳಕು ಬರಲಿ ಅಂತ ನಡುವೆ ಎರಡು ಫೈಬರ್ ಶೀಟ್ ಹಾಕಿದ್ದರು. ಹಾಕಿದಾಗ ಅವು ಹಾಲಿನ ಹಾಗೆ ಬೆಳ್ಳಗಿದ್ದವು. ಹನ್ನೆರಡು ಮಳೆಗಾಲ ಕಳೆದ ಮೇಲೆ ಪಾಚಿ, ಹಲಸಿನೆಲೆ, ಮಣ್ಣು ಎಲ್ಲ ಕೂತು ಮೇಲಿಂದ ನೋಡಿದರೆ ಯಾವುದು ಸಿಮೆಂಟ್ ಯಾವುದು ಫೈಬರ್ ಅಂತ ಗೊತ್ತೇ ಆಗುವುದಿಲ್ಲ. ಬಿಸಿಲಿಗೆ ಆ ಫೈಬರ್ ಹಪ್ಪಳವಾಗಿರುತ್ತದೆ. ಆಮೇಲೆ ನಾನು ಅದರ ಒಂದು ತುಂಡನ್ನು ತಂದು ನೋಡಿದೆ, ಕೈಯಲ್ಲೇ ಮುರಿಯಿತು. ಅವನು ಬೋಲ್ಟನ್ನು ಸರಿಯಾಗಿಯೇ ತಿರುಪಿದ್ದ. ಇವತ್ತಿಗೂ ಅಲ್ಲಿ ಸೋರುವುದಿಲ್ಲ. ಇಳಿಯಲು ತಿರುಗಿ ಎರಡನೇ ಹೆಜ್ಜೆ ಇಟ್ಟದ್ದು ಫೈಬರಿನ ಮೇಲೆ.

ಮನೆಯ ಅಮ್ಮ ತೆಂಗಿನಕಾಯಿ ಬಿತ್ತು ಅಂದುಕೊಂಡರಂತೆ. ಅವನು ಬಿದ್ದದ್ದು ದನಕ್ಕೆ ಅಕ್ಕಚ್ಚು ಕೊಡುವ ಕಲ್ಲುಬಾನಿಯ ಅಂಚಿಗೆ, ಸೊಂಟ ಅಡ್ಡವಾಗಿ. ಪ್ರಜ್ಞೆ ಇತ್ತು. “ಮಾವಂಗೆ ಹೇಳ್ಬೇಡಿ, ಬೈತ್ರು” ಅಂದನಂತೆ. ನೆರೆಯ ಇಬ್ಬರು ಓಡಿ ಬಂದು, ಒಬ್ಬರು ಕಂಕುಳಿಗೆ ಒಬ್ಬರು ಮೊಣಕಾಲಿಗೆ ಕೈ ಕೊಟ್ಟು ಎತ್ತಿ, ರಿಕ್ಷಾದಲ್ಲಿ ಕೂರಿಸಿದರು. ಪಾಪ, ಅವರು ಒಳ್ಳೆಯದಕ್ಕೇ ಮಾಡಿದ್ದು. ಬೆನ್ನುಹುರಿಗೆ ಪೆಟ್ಟು ಬಿದ್ದವನನ್ನು ಹಾಗೆ ಮಡಚಿ ಕೂರಿಸಬಾರದು, ಬಿದ್ದಲ್ಲಿಂದ ಎತ್ತದೆ, ಕುತ್ತಿಗೆ ಅಲ್ಲಾಡದ ಹಾಗೆ ಹಿಡಿದು, 108ಕ್ಕೆ ಕಾಯಬೇಕು ಅಂತ ನನಗೆ ಗೊತ್ತಿತ್ತು. ಶಾರ್ಜಾದಲ್ಲಿ ಮೂರು ಸಲ ಕಲಿಸಿದ್ದರು. ಗೊತ್ತಿದ್ದವನು ಅಲ್ಲಿ ಇರಲಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ನೂರು ಕಿಲೋಮೀಟರ್ ದಾಟಿ ಮಣಿಪಾಲ. ಈ ಜಿಲ್ಲೆಯ ಜನ ದೊಡ್ಡಾಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ ಅಂತ ನಿಮ್ಮ ಪತ್ರಿಕೆಗೇ ಗೊತ್ತಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಅವನ ಜೀವ ಉಳಿಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ.

ಆ ಯಜಮಾನರು ಕೆಟ್ಟವರಲ್ಲ. ಮೊದಲ ವಾರವೇ 40 ಸಾವಿರ ತಂದುಕೊಟ್ಟರು. ಚೌತಿಗೆ ಈಗಲೂ ಚಕ್ಕುಲಿ ಕಳಿಸುತ್ತಾರೆ. ಅವರ ಮೇಲೆ ಸಿಟ್ಟು ಮಾಡಿದರೆ ನನ್ನ ಮೇಲೆ ಎರಡು ಪಾಲು ಮಾಡಬೇಕು. ಏಕೆಂದರೆ ಶಾರ್ಜಾದಿಂದ ಬರುವಾಗ ನಾನೊಂದು ಹಾರ್ನೆಸ್ ತಂದಿದ್ದೆ. ಭುಜ, ಎದೆ, ತೊಡೆ ಎಲ್ಲ ಹಿಡಿಯುವ ಪೂರ್ತಿ ಪಟ್ಟಿಯದ್ದು, ಹಗ್ಗಕ್ಕೆ ಸಿಕ್ಕಿಸಿಕೊಂಡು ಹತ್ತುವಂಥದ್ದು. ಅವನು ಬಿದ್ದ ದಿನ ಅದು ನಮ್ಮ ಮನೆಯ ಅಟ್ಟದ ಮೇಲೆ ಸಿಮೆಂಟ್ ಚೀಲದೊಳಗೆ ಇತ್ತು. ಹುಳ ಹಿಡಿಯಬಾರದು ಅಂತ ನುಸಿಗುಳಿಗೆ ಹಾಕಿಟ್ಟಿದ್ದೆ.

ಅಟ್ಟಕ್ಕೆ ಅದು ಹೇಗೆ ಹೋಯಿತು ಅನ್ನುವುದನ್ನೂ ಹೇಳುತ್ತೇನೆ. ಶಾರ್ಜಾದಲ್ಲಿ ನಾನಿದ್ದದ್ದು ಹಳೇ ಕಟ್ಟಡಗಳ ಮೇಂಟೆನೆನ್ಸ್ ಕಂಪನಿಯಲ್ಲಿ. ಏಳನೇ ಮಹಡಿಯ ಎಸಿ ನೀರಿನ ಪೈಪ್ ಬದಲಿಸುವುದಕ್ಕೂ ಒಂದು ಪರ್ಮಿಟ್ ಕಾಗದ. ಯಾರು ಹತ್ತುತ್ತಾರೆ, ಹಗ್ಗ ಯಾವುದಕ್ಕೆ ಕಟ್ಟುತ್ತಾರೆ, ಕೆಳಗೆ ಯಾರು ನಿಲ್ಲುತ್ತಾರೆ, ಎಷ್ಟು ಗಂಟೆಗೆ ಇಳಿಯಬೇಕು, ಎಲ್ಲ ಬರೆದು ಸಹಿ ಹಾಕದೆ ಸ್ಪ್ಯಾನರ್ ಮುಟ್ಟುವ ಹಾಗಿರಲಿಲ್ಲ. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಿನ ಕೆಲಸ ಬಂದ್. ಅದೇನು ಸ್ವರ್ಗ ಅಂತ ತಿಳಿಯಬೇಡಿ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿರುತ್ತಿತ್ತು, ಒಂದು ಕೋಣೆಯಲ್ಲಿ ಹನ್ನೆರಡು ಮಂದಿ ಮಲಗುತ್ತಿದ್ದೆವು. ಕಂಪನಿ ಹೆದರುತ್ತಿದ್ದದ್ದು ದಂಡಕ್ಕೆ, ನಮ್ಮ ಮೇಲಿನ ಪ್ರೀತಿಗಲ್ಲ. ಆದರೂ 11 ವರ್ಷದಲ್ಲಿ ನಮ್ಮ ಗುಂಪಿನಲ್ಲಿ ಒಬ್ಬನೂ ಬೀಳಲಿಲ್ಲ.

ಊರಿಗೆ ಬಂದ ಮೇಲೆ ಮೊದಲ ಮನೆಯ ಮಾಡು ಹತ್ತುವಾಗ ಹಾರ್ನೆಸ್ ಹಾಕಿಕೊಂಡೆ. ಅಂಗಳದಲ್ಲಿ ಮಕ್ಕಳು “ಪ್ಯಾರಾಚೂಟ್, ಪ್ಯಾರಾಚೂಟ್” ಅಂತ ಕೂಗಿದರು. ಯಜಮಾನರು ನಗುತ್ತಾ, “ಎಂತ ಮೇಸ್ತ್ರಿ, ಗಲ್ಫಿಗೆ ಹೋಗಿ ಹೆದ್ರುಪುಕ್ಲ ಆಗಿ ಬಂದ್ಯಾ?” ಅಂದರು. ಎರಡನೇ ಮನೆಯಲ್ಲಿ ಬೇರೆ ಮಾತು: “ಹಗ್ಗ ಕಟ್ಟೋದಕ್ಕೇ ಒಂದ್ ತಾಸು ಕಳದ್ರೆ ಪಗಾರ ಹ್ಯಾಂಗೆ ಕೊಡೋದು?” ಮೂರನೇ ಮನೆಗೆ ನಾನು ಲುಂಗಿ ಎತ್ತಿ ಕಟ್ಟಿಕೊಂಡು ಬರಿಗಾಲಲ್ಲಿ ಹತ್ತಿದೆ. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಕಡೆ ಗುತ್ತಿಗೆ ಕೆಲಸಕ್ಕೆ ಹೋಗುವ ಹುಡುಗರದ್ದೂ ಇದೇ ಕತೆ. ಗೇಟಿನೊಳಗೆ ಹೆಲ್ಮೆಟ್, ಬೂಟು. ಭಾನುವಾರ ಊರಲ್ಲಿ ಯಾರದ್ದೋ ಮಾಡಿನ ಮೇಲೆ ಬರಿ ತಲೆ, ಬರಿ ಕಾಲು. ಎರಡು ಕಡೆಯೂ ತಲೆ ಅದೇ, ಕೇಳುವವರು ಮಾತ್ರ ಬೇರೆ.

ಆ ‘ಒಂದ್ ತಾಸು’ ಅನ್ನುವುದರಲ್ಲೇ ಎಲ್ಲ ಇದೆ. ಹೊಸ ಕಟ್ಟಡವಾದರೆ ಸಾರವೆ ಒಮ್ಮೆ ಕಟ್ಟಿದರೆ ಆರು ತಿಂಗಳ ಕೆಲಸಕ್ಕೆ ಬರುತ್ತದೆ, ಖರ್ಚು ಹಂಚಿಹೋಗುತ್ತದೆ. ರಿಪೇರಿಯಲ್ಲಿ ಕೆಲಸ ಐದು ನಿಮಿಷ, ಏಣಿ ಬಿಗಿದು ಹಲಗೆ ಹಾಕಿ ಹಗ್ಗ ಎಳೆಯಲು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಯಾರ ಎಸ್ಟಿಮೇಟಿನಲ್ಲೂ ಇಲ್ಲ. ಹಂಚಿಗೆ ಇಷ್ಟು, ರೀಪಿಗೆ ಇಷ್ಟು, ಆಳಿಗೆ ಇಷ್ಟು ಅಂತ ಇಷ್ಟು ವರ್ಷ ಬರೆದಿದ್ದೇನೆ. ಏಣಿ-ಹಗ್ಗ ಅಂತ ಒಂದು ಸಾಲು ಬರೆದದ್ದು ಅವನು ಬಿದ್ದ ಮೇಲೆ. ಈಗ ಬರೆದರೆ ಯಜಮಾನರು ಮೊದಲು ಹೊಡೆದು ಹಾಕುವುದು ಅದೇ ಸಾಲನ್ನು. “ಇದೆಂತಕೆ ಆರ್ನೂರು?” ಅನ್ನುತ್ತಾರೆ. ಇಪ್ಪತ್ತು ಸಾವಿರದ ಕೆಲಸದಲ್ಲಿ ಸಿಮೆಂಟಿನ ಬ್ರಾಂಡ್ ಯಾವುದು ಅಂತ ವಿಚಾರಿಸುವವರು, ಹತ್ತುವ ಹುಡುಗನ ಹೆಸರು ಏನು ಅಂತ ಕೇಳುವುದಿಲ್ಲ. ಕಾರವಾರದ ಕಡೆ ಬಣ್ಣ ಬಳಿಯಲು ಬರುವ ಬಿಹಾರ, ಒಡಿಶಾದ ಹುಡುಗರದ್ದಂತೂ ಮನೆಗೆ ತಿಳಿಸಬೇಕೆಂದರೆ ಫೋನ್ ನಂಬರ್ ಕೂಡ ಯಾರ ಹತ್ತಿರವೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ? ಮಗಳು ಕಾರವಾರದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಾಳೆ. ಈ ಪತ್ರ ಟೈಪ್ ಮಾಡಿದವಳೂ ಅವಳೇ, ಕಾಯ್ದೆ ಓದಿ ಹೇಳಿದವಳೂ ಅವಳೇ. ಕಟ್ಟಡ ಕಾರ್ಮಿಕರ ಕಾಯ್ದೆ 1996ರದ್ದು. ಕಟ್ಟಡ ಕೆಲಸ ಅಂದರೆ ಏನು ಅಂತ ಹೇಳುವಲ್ಲಿ ಹೊಸದಾಗಿ ಕಟ್ಟುವುದರ ಜೊತೆಗೆ ಬದಲಾವಣೆ, ದುರಸ್ತಿ, ನಿರ್ವಹಣೆ, ಕೆಡವುವುದು ಎಲ್ಲವನ್ನೂ ಹೆಸರು ಹಿಡಿದೇ ಸೇರಿಸಿದ್ದಾರೆ. ನನಗೆ ಖುಷಿಯಾಯಿತು. ಮುಂದಿನ ಪುಟಕ್ಕೆ ಖುಷಿ ಇಳಿಯಿತು. ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದರೆ ಮಾತ್ರ ಆ ಕಾಯ್ದೆ ಲಾಗೂ ಆಗುತ್ತಿತ್ತು. ಸ್ವಂತ ವಾಸದ ಮನೆಯ ಕೆಲಸ 10 ಲಕ್ಷ ರೂಪಾಯಿ ದಾಟದಿದ್ದರೆ ಅದೂ ಹೊರಗಿತ್ತು. ಮಾಡು ರಿಪೇರಿಗೆ ನಾವು ಹೋಗುವುದು ಮೂರು ಜನ, ನಾಲ್ಕು ಜನ. ಹತ್ತು ಜನ ಹತ್ತಿದರೆ ಆ ಮಾಡೇ ಉಳಿಯುವುದಿಲ್ಲ! 2020ರಲ್ಲಿ ಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದ, ಹಳೇ ಕಾಯ್ದೆಯ ಜಾಗಕ್ಕೆ ಬಂದ ಕೆಲಸದ ಸುರಕ್ಷತೆಯ ಹೊಸ ಸಂಹಿತೆಯಲ್ಲಿ ಆ ಹತ್ತು ಜನದ ಗೆರೆ ಹಾಗೇ ಇದೆ, ಸ್ವಂತ ಮನೆಯ 10 ಲಕ್ಷ 50 ಲಕ್ಷವಾಗಿದೆ. ನಮ್ಮ ಕಸುಬನ್ನು ಬಾಗಿಲಲ್ಲಿ ಹೆಸರು ಕೂಗಿ ಕರೆದು, ಹೊಸ್ತಿಲಲ್ಲೇ ನಿಲ್ಲಿಸಿದ ಹಾಗಾಯಿತು.

ವಿಚಿತ್ರ ಅಂದರೆ ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡಿಸುವ, ಬ್ರಿಟಿಷರ ಕಾಲದ 1923ರ ಕಾಯ್ದೆ ನಮ್ಮನ್ನು ಇದಕ್ಕಿಂತ ಹತ್ತಿರದಿಂದ ನೋಡಿತ್ತು. ಒಂದಕ್ಕಿಂತ ಹೆಚ್ಚು ಅಂತಸ್ತಿನ, ಇಲ್ಲವೇ ನೆಲದಿಂದ ಮಾಡಿನ ನೆತ್ತಿಗೆ 12 ಅಡಿ ಅಥವಾ ಹೆಚ್ಚು ಇರುವ ಕಟ್ಟಡವನ್ನು ಕಟ್ಟುವ, ದುರಸ್ತಿ ಮಾಡುವ, ನಿರ್ವಹಿಸುವ, ಕೆಡವುವ ಕೆಲಸಗಾರ ಅಂತ ಅದರ ಅನುಸೂಚಿಯಲ್ಲಿ ಬರೆದಿತ್ತಂತೆ. ಮಾಡಿನ ನೆತ್ತಿ ಅಂತ ಕಾನೂನು ಬರೆದವರಿಗೆ ಹೊಳೆದಿತ್ತು ನೋಡಿ. ಅವನು ಬಿದ್ದಾಗ ಆ ಕಾಯ್ದೆ ಇನ್ನೂ ಇತ್ತು. ಎರಡು ವರ್ಷದೊಳಗೆ ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ಯಾರ ಮೇಲೆ ಹಾಕುವುದು? ಚಕ್ಕುಲಿ ಕಳಿಸುವ ಯಜಮಾನರ ಮೇಲೋ, ‘ಮುಗ್ಸಿ ಹೋಗು’ ಅಂದ ಮಾವನ ಮೇಲೋ? ಅಕ್ಕ ಬೇಡ ಅಂದಳು. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಕಟ್ಟಡ ಕಾರ್ಮಿಕರ ಮಂಡಳಿಯ ನೆರವು ಸಿಗುವ ಲೇಬರ್ ಕಾರ್ಡ್ ಇರಲಿಲ್ಲವೇ ಅಂತ ಕೇಳುತ್ತೀರಿ. ಒಮ್ಮೆ ಮಾಡಿಸಿದ್ದ, ಮುಗಿದುಹೋಗಿತ್ತು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದೇನೆ ಅಂತ ಸಹಿ ತರಬೇಕು. ದೊಡ್ಡ ಸೈಟಿನಲ್ಲಿದ್ದವನಿಗೆ ಒಬ್ಬ ಕಂತ್ರಾಟುದಾರ ಒಂದೇ ಸಲ ಗೀಚಿಕೊಡುತ್ತಾನೆ. ನಮ್ಮ ಹುಡುಗರು ವರ್ಷಕ್ಕೆ ಅರವತ್ತು ಮನೆಯಲ್ಲಿ ಎರಡೆರಡು ದಿನ ಮಾಡಿದವರು. ಯಾರ ಜಗಲಿ ಹತ್ತಿ ಸಹಿ ಕೇಳುವುದು? ‘ಕಾಗದಕ್ಕೆ ಸಹಿ’ ಅಂದ ಕೂಡಲೇ ಜನ ತೆರಿಗೆಯೋ ಕೋರ್ಟೋ ಅಂತ ಹೆದರುತ್ತಾರೆ. ಇನ್ನೊಂದು ಇದೆ, ಅದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಬ್ಯಾಂಕಿನಲ್ಲಿ ಅಪಘಾತ ವಿಮೆ ಇದೆಯಲ್ಲ, ಅಪಘಾತದಲ್ಲಿ ಸತ್ತರೆ ಅಥವಾ ಎರಡೂ ಕಾಲು ಹೋದರೆ 2 ಲಕ್ಷ. ಅದರ ವರ್ಷ ಜೂನ್ 1ರಿಂದ ಮೇ 31. 2022ರ ಜೂನ್‌ನಲ್ಲಿ ಕಂತು 12 ರೂಪಾಯಿಯಿಂದ 20ಕ್ಕೆ ಏರಿತು. ಅವನ ಖಾತೆಯಲ್ಲಿ ಆಗ ಇದ್ದದ್ದು 14 ರೂಪಾಯಿ. ಕಂತು ಕಟ್ ಆಗಲಿಲ್ಲ, ಯಾರೂ ಗಮನಿಸಲೂ ಇಲ್ಲ. ಮರುವರ್ಷ ಮೇ ತಿಂಗಳಲ್ಲಿ ಅವನು ಬಿದ್ದ. ಈಗ ಪ್ರತಿ ವರ್ಷ ಮೇ 20ರ ಹೊತ್ತಿಗೆ ನನ್ನ ಹುಡುಗರ ಪಾಸ್‌ಬುಕ್ ನಾನೇ ತೆಗೆಸಿ ನೋಡುತ್ತೇನೆ.

ಇನ್ನು ನನಗೆ ಗೊತ್ತಿರುವ ಕೆಲಸದ ಮಾತು. ಹಂಚಿನ ಮನೆಯವರಿಗೆ ತಮ್ಮ ಹಂಚಿನ ಬಗ್ಗೆ ಬಹಳ ಹೆಮ್ಮೆ. ಅಡಿಯಲ್ಲಿ 1865 ಅಂತ ಅಚ್ಚಿರುವ ಬಾಸೆಲ್ ಮಿಷನ್ ಹಂಚು ತೋರಿಸಿ “ನಮ್ಮಜ್ಜನ ಕಾಲದ್ದಕ್ಕಿಂತ ಹಿಂದಿಂದು” ಅನ್ನುತ್ತಾರೆ. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ ಅಂತ ನಾನು ಹೇಳಲು ಹೋಗುವುದಿಲ್ಲ. ಹಂಚು ನೂರು ವರ್ಷ ಬಂದೀತು. ಅದರ ಅಡಿಯ ರೀಪು ಬರುವುದಿಲ್ಲ. ಒರಲೆ ಒಳಗಿನಿಂದ ತಿಂದು ಮೇಲ್ಮೈಯನ್ನು ಕಾಗದದಷ್ಟು ದಪ್ಪ ಉಳಿಸಿರುತ್ತದೆ, ಮೇಲೆ ನಿಂತವನಿಗೆ ಕಾಣುವುದು ಬರೀ ಹಂಚು. ಆದ್ದರಿಂದ ಹತ್ತುವ ಮುಂಚೆ ಒಳಗೆ ಹೋಗಿ ಅಟ್ಟದಿಂದ ರೀಪು, ಅದನ್ನು ಹೊರುವ ಪಕಾಸಿಗಳನ್ನು ಉಳಿಯಿಂದ ಚುಚ್ಚಿ ನೋಡಬೇಕು. ಶೀಟಿನ ಮಾಡಾದರೆ ಒಳಗೆ ನಿಂತು ಬೆಳಕು ಎಲ್ಲಿ ಬರುತ್ತದೆ ಅಂತ ನೋಡಿ, ಏಣಿಯ ಮೇಲೆ ನಿಂತೇ ಆ ಶೀಟಿಗೆ ಕೆಂಪು ಬಣ್ಣದಿಂದ ಕತ್ತರಿ ಗುರುತು ಹಾಕಬೇಕು. ಸಿಮೆಂಟ್ ಶೀಟಿನ ಮೇಲೂ ನೇರ ಕಾಲಿಡಬಾರದು. ಬೋಲ್ಟ್ ಸಾಲಿನ ಕೆಳಗೆ ಅಡ್ಡಪಟ್ಟಿ ಇರುತ್ತದೆ. ಎರಡು ಅಡ್ಡಪಟ್ಟಿಗೆ ದಾಟುವ ಹಾಗೆ ಹಲಗೆ ಹಾಕಿ, ಹಲಗೆಯ ಮೇಲೇ ಓಡಾಡಬೇಕು. ಹನ್ನೆರಡು ಅಡಿ ಎತ್ತರಕ್ಕೆ ಏಣಿಯ ಬುಡ ಗೋಡೆಯಿಂದ ಮೂರಡಿ ದೂರ, ತುದಿ ಮಾಡಿನ ಅಂಚಿಗಿಂತ ಮೂರಡಿ ಮೇಲೆ, ಮತ್ತೆ ತುದಿಯನ್ನು ಕಟ್ಟಬೇಕು. ಬುಡವನ್ನು ಹಿಡಿದವನು ಬೀಡಿ ಸೇದಲು ಹೋಗಬಾರದು.

ಹಾರ್ನೆಸ್ ಹಾಕಿದರೆ ಸಾಕು ಅಂತ ತಿಳಿದವರಿಗೂ ಒಂದು ಮಾತು. ಆರಡಿ ಹಗ್ಗ ಕಟ್ಟಿಕೊಂಡು ಹನ್ನೆರಡು ಅಡಿಯ ಮಾಡಿನಿಂದ ಬಿದ್ದರೆ ಹಗ್ಗ ಹಿಡಿದು ನಿಲ್ಲಿಸುವ ಮುಂಚೆ ನೆಲವೇ ಸಿಗುತ್ತದೆ. ಹಗ್ಗ, ಅದರ ಎಳೆತ, ಮನುಷ್ಯನ ಉದ್ದ ಎಲ್ಲ ಸೇರಿ ಸುಮಾರು ಹದಿನೆಂಟು ಅಡಿ ಜಾಗ ಬೇಕು. ನಮ್ಮ ಕಡೆಯ ಮನೆಗಳಿಗೆ ಬಿದ್ದವನನ್ನು ಹಿಡಿಯುವ ಹಗ್ಗ ಅಲ್ಲ, ಅಂಚಿಗೇ ಹೋಗಲು ಬಿಡದ ಗಿಡ್ಡ ಹಗ್ಗ ಬೇಕು. ಕಟ್ಟುವುದು ಎಲ್ಲಿಗೆ? ರೀಪಿಗೆ ಅಲ್ಲ, ಪಿವಿಸಿ ಪೈಪಿಗೆ ಅಲ್ಲ. ಹಗ್ಗವನ್ನು ನೆತ್ತಿಯ ಮೇಲಿಂದ ಆಚೆ ಬದಿಗೆ ಎಸೆದು, ಅಲ್ಲಿನ ತೆಂಗಿನ ಮರದ ಬುಡಕ್ಕೆ ಸುತ್ತಿ ಕಟ್ಟಬೇಕು. ತೆಂಗಿನ ಮರವಿಲ್ಲದ ಮನೆ ಈ ಕರಾವಳಿಯಲ್ಲಿ ಎಲ್ಲಿದೆ? ಶಾರ್ಜಾದ ಸೇಫ್ಟಿ ಆಫೀಸರಿಗೆ ಈ ಉಪಾಯ ಗೊತ್ತಿರಲಿಲ್ಲ.

ಕರೆಂಟಿನದ್ದು ಇನ್ನೊಂದು. ಡ್ರಿಲ್, ಕಟಿಂಗ್ ಮಷಿನ್‌ಗಳ ವೈರಿಗೆ ಪ್ಲಗ್ ಇರುವುದಿಲ್ಲ. ಎರಡು ತುದಿ ಕೆರೆದು ಸಾಕೆಟಿನ ತೂತಿಗೆ ತೂರಿಸಿ, ಅಲ್ಲಾಡದಿರಲಿ ಅಂತ ಬೆಂಕಿಕಡ್ಡಿ ತುರುಕುತ್ತಾರೆ. ಅರ್ತ್ ವೈರನ್ನು ಕತ್ತರಿಸಿ ಬಿಸಾಡಿ ಆಗಿರುತ್ತದೆ. ಒದ್ದೆ ಬಚ್ಚಲಲ್ಲಿ ಬರಿಗಾಲಲ್ಲಿ ನಿಂತು ಟೈಲ್ಸ್ ಕತ್ತರಿಸುವವನ ಜೀವ ಆ ಕಡ್ಡಿಯ ಮೇಲೆ. ಯಜಮಾನರು ಚಹಾ ತಂದುಕೊಡುವಾಗ ಅದನ್ನು ನೋಡುತ್ತಾರೆ, ಏನೂ ಅನ್ನುವುದಿಲ್ಲ. ಅಲ್ಯೂಮಿನಿಯಂ ಏಣಿಯನ್ನು ನೆಟ್ಟಗೆ ಹಿಡಿದು ಅಂಗಳದಲ್ಲಿ ನಡೆಯುವವರೂ ಇದ್ದಾರೆ, ಮೇಲೆ ಹೆಸ್ಕಾಂ ವೈರು. ಅಡಿಕೆ ಕೊಯ್ಯುವ ಲೋಹದ ದೋಟಿ ವೈರಿಗೆ ತಾಗಿ ಜೀವ ಹೋದದ್ದನ್ನು ಕೇಳಿದ ಊರಿನವರೇ ಹೀಗೆ ಮಾಡುತ್ತಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಮೂರು ಜನರ ಗುಂಪಿನ ಹಿಂದೆ ಇನ್ಸ್‌ಪೆಕ್ಟರ್ ಅಡ್ಡಾಡಲಿ ಅಂತ ನಾನು ಹೇಳುವುದಿಲ್ಲ, ಅದು ಆಗುವ ಮಾತಲ್ಲ. ಬಂದರೂ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಯಲ್ಲಿ ಊರೂರಿಗೆ ಸೇವಾ ಸಹಕಾರಿ ಸಂಘಗಳಿವೆ. ಗೊಬ್ಬರ ಕೊಡುತ್ತವೆ, ಸಾಲ ಕೊಡುತ್ತವೆ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟಿಲ್ಲರ್ ಬಾಡಿಗೆಗೆ ಸಿಗುತ್ತದೆ. ಅದೇ ರೀತಿ ಒಂದೊಂದು ಸಂಘದಲ್ಲಿ ಮಾಡಿನ ನೆತ್ತಿಗೆ ಕೊಕ್ಕೆ ಹಾಕಿ ಮಲಗಿಸುವ ಏಣಿ ಎರಡು, ಹಲಗೆ ನಾಲ್ಕು, ಹಾರ್ನೆಸ್ ಎರಡು, ನೂರು ಅಡಿಯ ಒಳ್ಳೆ ಹಗ್ಗ ಎರಡು, ಶಾಕ್ ಹೊಡೆದರೆ ಕೂಡಲೇ ಕರೆಂಟ್ ತೆಗೆಯುವ ಬ್ರೇಕರ್ ಇರುವ ವೈರ್‌ಬೋರ್ಡ್ ಒಂದು ಇಡಲಿ. ಹಾರ್ನೆಸ್ ಎರಡು ಸಾವಿರದ ಆಸುಪಾಸಿನಲ್ಲಿ ಬರುತ್ತದೆ. ನನ್ನ ಅಂದಾಜಿನಲ್ಲಿ ಎಲ್ಲ ಸೇರಿ 50 ಸಾವಿರ ದಾಟಲಿಕ್ಕಿಲ್ಲ. ದಿನಕ್ಕೆ ನೂರು ರೂಪಾಯಿ ಬಾಡಿಗೆ. ಮೇಸ್ತ್ರಿ ಒಯ್ಯದಿದ್ದರೆ ಮನೆಯವರೇ ತಂದಿಡಲಿ. ಮದುವೆಗೆ ಪಾತ್ರೆ, ಶಾಮಿಯಾನ ತಂದುಕೊಳ್ಳುವುದಿಲ್ಲವೇ? ಸಂಘದ ಪುಸ್ತಕದಲ್ಲಿ ಯಾವ ದಿನ ಯಾರ ಮನೆಗೆ, ಹತ್ತಿದವರು ಯಾರು ಅಂತ ಬರೆದಿಟ್ಟರೆ ಆ 90 ದಿನದ ಲೆಕ್ಕಕ್ಕೂ ಅದೇ ದಾಖಲೆಯಾದೀತು. ಕಾರ್ಮಿಕ ಇಲಾಖೆಯವರು ಅದನ್ನು ಒಪ್ಪಿಕೊಂಡರೆ ಮಾತ್ರ. ಯಾವುದಾದರೂ ಸಂಘದವರು ತಯಾರಿದ್ದರೆ ನಾನು ಬಂದು ಹಗ್ಗ ಕಟ್ಟುವುದನ್ನು ತೋರಿಸಿಕೊಡುತ್ತೇನೆ. ಪಗಾರ ಬೇಡ, ಬಸ್ಸಿನ ಚಾರ್ಜೂ ಬೇಡ.

ನಿಮ್ಮಲ್ಲಿ ಕೇಳುವುದು ಬೇರೆ. ಇನ್ನೊಮ್ಮೆ ಇಂಥ ಸುದ್ದಿ ಬಂದಾಗ ವರದಿಗಾರರು ಠಾಣೆಗೆ ಫೋನ್ ಮಾಡುತ್ತಾರಲ್ಲ, ಆಗ ಎತ್ತರ ಎಷ್ಟಿತ್ತು, ಮಾಡು ಹಂಚಿನದ್ದೋ ಶೀಟಿನದ್ದೋ, ಹಗ್ಗ ಇತ್ತೋ ಇಲ್ಲವೋ ಅಂತ ಕೇಳಲಿ. ಉತ್ತರವನ್ನು ಅದೇ ಐದು ಸಾಲಿನಲ್ಲಿ ಹಾಕಲಿ. ಜಾಗ ಸಾಲದಿದ್ದರೆ ‘ಆಯತಪ್ಪಿ’ಯನ್ನು ತೆಗೆಯಿರಿ, ಒಂದು ಶಬ್ದದ ಜಾಗ ಉಳಿಯುತ್ತದೆ. ನಮ್ಮವನ ಸುದ್ದಿಯೂ ಬಂದಿತ್ತು, ಅದರಲ್ಲೂ ಅದೇ ಶಬ್ದ. ಅವನು ಬಿದ್ದದ್ದು 14 ಅಡಿಯಿಂದ. ಟೇಪು ಹಿಡಿದು ನಾನೇ ಅಳೆದಿದ್ದೇನೆ.

ಅವನೀಗ ಜಗಲಿಯಲ್ಲಿ ಕೂತು ನನ್ನ ಎಸ್ಟಿಮೇಟ್ ಬರೆಯುತ್ತಾನೆ. ಅಕ್ಷರ ನನ್ನದಕ್ಕಿಂತ ಚೆಂದ. ಮೊದಲ ಸಾಲು ಯಾವಾಗಲೂ ‘ಏಣಿ, ಹಲಗೆ, ಹಗ್ಗ: 600’. ಯಜಮಾನರು ಅದಕ್ಕೆ ಗೆರೆ ಎಳೆದು ವಾಪಸ್ ಕಳಿಸಿದರೆ, ಹೊಸ ಹಾಳೆ ತೆಗೆದು ಮತ್ತೆ ಅದನ್ನೇ ಮೊದಲು ಬರೆಯುತ್ತಾನೆ. ಈ ವರ್ಷ ಮಳೆಗೆ ಮುಂಚೆ ಎರಡು ಕೆಲಸ ಹಾಗೆ ಕೈಬಿಟ್ಟು ಹೋದವು. ಒಂದು ಮನೆಯವರು ಒಪ್ಪಿದ್ದಾರೆ, ಸೋಮವಾರ ಹತ್ತುತ್ತೇವೆ.

ಇತಿ,
ಒಬ್ಬ ಮೇಸ್ತ್ರಿ, ಕುಮಟಾ ತಾಲ್ಲೂಕು
(ಹೆಸರು, ವಿಳಾಸ ಪತ್ರಿಕೆಗೆ ತಿಳಿಸಿದ್ದೇನೆ. ಹುಡುಗನ ಮನೆಯವರಿಗೆ ಮುಜುಗರ ಆಗಬಾರದೆಂದು ಅಚ್ಚು ಹಾಕುವುದು ಬೇಡ.)